ಕೇಳಿ ಬರೆದ ಇತಿಹಾಸಕಾರ ಅಲನ್ ನೆವಿನ್ಸ್

ಇತಿಹಾಸವೆಂದರೆ ಶಾಸನ, ತಾಮ್ರಪಟ, ಸರಕಾರಿ ದಫ್ತರಗಳಲ್ಲಿ ಅಡಗಿರುವ ವಿಷಯವೆಂದೇ ನಮ್ಮಲ್ಲಿ ಅನೇಕರ ಎಣಿಕೆ. ಬದುಕಿರುವ ಹಿರಿಯರ ನೆನಪೂ ಇತಿಹಾಸದ ಆಕರವೇ ಎಂದು ನಂಬಿ, ಅದನ್ನು ಸಂಗ್ರಹಿಸುವ ಕಾರ್ಯಕ್ಕೆ ವಿಶ್ವವಿದ್ಯಾಲಯದಲ್ಲಿ ನೆಲೆ ಒದಗಿಸಿದವರು ಅಮೇರಿಕೆಯ ಪ್ರಾಧ್ಯಾಪಕ ಅಲನ್ ನೆವಿನ್ಸರು.

ಇವರು 1890ರಲ್ಲಿ ಇಲಿನಾಯ್ ಪ್ರಾಂತದ ಒಕ್ಕಲು ಕುಟುಂಬವೊಂದರಲ್ಲಿ ಜನಿಸಿದರು. ಎಂ.ಎ. ಮುಗಿಸಿ ನ್ಯೂಯಾರ್ಕಿಗೆ ಬಂದು ಹಲವು ವರ್ಷ ಪತ್ರಿಕೆಗಳಲ್ಲಿ ದುಡಿದರು. ಡಾಕ್ಟರೇಟ್ ಪದವಿ ಪಡೆದವರಲ್ಲ. ಆದರೂ ಕೊಲಂಬಿಯಾ ವಿಶ್ವವಿದ್ಯಾಲಯವು ಅವರನ್ನು ಇತಿಹಾಸದ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಅವರು ಬರೆದ ಎರಡು ಜೀವನಚರಿತ್ರೆಗಳಿಗೆ 1933ರಲ್ಲಿಯೂ 1937ರಲ್ಲಿಯೂ ಪುಲಿಟ್ಜರ್ ಬಹುಮಾನ ಸಂದಿತು.

ಹಿಂದಿನವರು ದೀರ್ಘವಾದ ಪತ್ರಗಳನ್ನು ಬರೆಯುತ್ತಿದ್ದರು, ದಿನಚರಿ ಇಡುತ್ತಿದ್ದರು. ದೂರವಾಣಿ ಬಂದಮೇಲೆ ಮಹತ್ವದ ಮಾತುಗಳೆಲ್ಲ ತಂತಿಯಲ್ಲಿಯೇ ಹರಿದುಹೋಗತೊಡಗಿದವು. ಮುಂದಿನ ಇತಿಹಾಸಕಾರನಿಗೆ ಉಳಿಯುವುದೇನು? ಈ ಚಿಂತೆ ನೆವಿನ್ಸರನ್ನು ಕಾಡಿತು. ಹಿರಿಯರು ಕಣ್ಣುಮುಚ್ಚುವ ಮೊದಲೇ ಅವರ ಅನುಭವಗಳನ್ನು ಕೇಳಿ ಬರೆದಿಡುವ ಸಂಸ್ಥೆಯೊಂದು ಬೇಕೆಂದು 1938ರ ತಮ್ಮ ಗ್ರಂಥದಲ್ಲಿ ಸೂಚಿಸಿದರು. ಹತ್ತು ವರ್ಷಗಳ ತರುವಾಯ, 1948ರ ಮೇ ತಿಂಗಳಲ್ಲಿ, ತಾವೇ ಕಾರ್ಯಾರಂಭ ಮಾಡಿದರು. ನ್ಯೂಯಾರ್ಕಿನ ಸಾರ್ವಜನಿಕ ಜೀವನದಲ್ಲಿ ಹೆಸರಾಗಿದ್ದ ಜಾರ್ಜ್ ಮ್ಯಾಕ್‌ಅನೆನಿಯವರು ಮೊದಲ ನಿರೂಪಕರು. ಆಗ ಅವರು ಧ್ವನಿಮುದ್ರಣ ಯಂತ್ರ ಬಳಸಲಿಲ್ಲ. ನೆವಿನ್ಸರು ಪ್ರಶ್ನೆ ಕೇಳಿದರು, ಶಿಷ್ಯನೊಬ್ಬ ಪಕ್ಕದಲ್ಲಿ ಕುಳಿತು ಕೈಬರಹದಲ್ಲಿ ಗುರುತು ಹಾಕಿಕೊಂಡನು. ಯಂತ್ರ ಬಂದಮೇಲೂ ಮಾತನ್ನು ಬರಹಕ್ಕಿಳಿಸಿ, ಹೇಳಿದವರಿಗೇ ತೋರಿಸಿ, ಅವರು ತಿದ್ದಿದ ಪ್ರತಿಯನ್ನು ಕಾಪಿಡುವ ಪದ್ಧತಿ ಬೆಳೆಯಿತು.

ಈ ಯೋಜನೆಯಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಆರಂಭದಲ್ಲಿ ಕರೆ ಹೋದದ್ದು ಬಹುಮಟ್ಟಿಗೆ ಅಧಿಕಾರಿಗಳು, ರಾಜಕಾರಣಿಗಳು, ಉದ್ಯಮಿಗಳು ಮುಂತಾದ ದೊಡ್ಡವರಿಗೆ. ಕೂಲಿಕಾರರು, ಗೃಹಿಣಿಯರು, ವಲಸಿಗರು ಇವರ ಮಾತಿಗೆ ಅಷ್ಟೇ ಬೆಲೆಯಿದೆಯೆಂಬುದನ್ನು ಮುಂದಿನ ತಲೆಮಾರಿನ ಸಂಗ್ರಾಹಕರು ಬೇರೂರಿಸಿದರು.

ಕೇಳುವುದರಷ್ಟೇ ಬರೆಯುವುದೂ ನೆವಿನ್ಸರಿಗೆ ಮುಖ್ಯವಾಗಿತ್ತು. ಪಂಡಿತರು ಪಂಡಿತರಿಗಾಗಿಯೇ ಬರೆದ ಇತಿಹಾಸದಿಂದ ನಾಡಿಗೇನು ಲಾಭವೆಂಬುದು ಅವರ ನಿಲುವು. ಪತ್ರಿಕೆಯಲ್ಲಿ ಕಲಿತ ತಿಳಿಯಾದ ಗದ್ಯವನ್ನು ಅವರು ವಿದ್ವತ್ತಿಗೆ ತಂದರು. ಇತಿಹಾಸ ಬರಹದಲ್ಲಿ ಸಾಹಿತ್ಯಗುಣವನ್ನು ಪೋಷಿಸಲೆಂದು 1939ರಲ್ಲಿ ಅಮೇರಿಕದ ಇತಿಹಾಸಕಾರರ ಸಂಘವೊಂದನ್ನು ಸ್ಥಾಪಿಸಿದರು. ಅತ್ಯುತ್ತಮವಾಗಿ ಬರೆದ ಡಾಕ್ಟರೇಟ್ ಪ್ರಬಂಧಕ್ಕೆ ಆ ಸಂಘ ಕೊಡುವ ಬಹುಮಾನಕ್ಕೆ ಡಾಕ್ಟರೇಟ್ ಇಲ್ಲದ ನೆವಿನ್ಸರ ಹೆಸರೇ ಇದೆ!

1958ರಲ್ಲಿ ನಿವೃತ್ತರಾದ ಮೇಲೂ ಅವರ ಲೇಖನಿ ನಿಲ್ಲಲಿಲ್ಲ. ಅಮೇರಿಕದ ಅಂತರ್ಯುದ್ಧವನ್ನು ಕುರಿತ ಎಂಟು ಸಂಪುಟಗಳ ಮಹಾಕೃತಿಯ ಕೊನೆಯ ಭಾಗ 1971ರಲ್ಲಿ ಪ್ರಕಟವಾಯಿತು. ಅದೇ ವರ್ಷ ಮಾರ್ಚಿಯಲ್ಲಿ ಅವರು ತೀರಿಕೊಂಡರು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ತೊಂಬತ್ತರ ಆಸುಪಾಸು. ಊರು ಬಿಟ್ಟು ಬಂದು ಪರನಾಡಿನಲ್ಲಿ ಮನೆ ಕಟ್ಟಿದ ಇಂಥ ಅಜ್ಜ ಅಜ್ಜಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರ ಕಥೆ ಯಾವ ದಫ್ತರದಲ್ಲಿಯೂ ಸಿಗದು. ಈ ರಾಜ್ಯೋತ್ಸವದ ಸಂದರ್ಭದಲ್ಲಿ ಮಕ್ಕಳು ಒಂದು ನೋಟುಬುಕ್ಕು ಹಿಡಿದು ಅವರ ಬಳಿ ಕುಳಿತರೆ, ಅದೂ ಕನ್ನಡದ ಸೇವೆಯೇ.