ವೈದ್ಯ ಥಾಮಸ್ ವಿಲ್ಲಿಸ್

ಥಾಮಸ್ ವಿಲ್ಲಿಸನ ಹೆಸರು ಇಂದು ಉಳಿದಿರುವುದು ಮಿದುಳಿನ ಶಾಸ್ತ್ರದಲ್ಲಿ. ಮಿದುಳಿನ ಬುಡದಲ್ಲಿ ರಕ್ತನಾಳಗಳು ಕೂಡಿ ಆಗಿರುವ ಉಂಗುರಕ್ಕೆ ಅವನ ಹೆಸರೇ ಇದೆ. ಆದರೆ ನನ್ನ ಮನಸ್ಸನ್ನು ಹಿಡಿದುದು ಆ ಉಂಗುರವಲ್ಲ. ಉಂಡದ್ದು ಹೊಟ್ಟೆಗಿಳಿಯದೆ ಸೊರಗುತ್ತಿದ್ದ ಒಬ್ಬನಿಗೆ ಅವನು ಮಾಡಿಕೊಟ್ಟ ಒಂದು ಕಡ್ಡಿ.

ವಿಲ್ಲಿಸ್ ಹುಟ್ಟಿದ್ದು 1621ರಲ್ಲಿ, ಇಂಗ್ಲೆಂಡಿನ ಗ್ರೇಟ್ ಬೆಡ್‌ವಿನ್ ಎಂಬ ಹಳ್ಳಿಯಲ್ಲಿ. ಆಕ್ಸ್‌ಫರ್ಡಿನಲ್ಲಿ ಓದುವಾಗ ಒಬ್ಬ ಪಾದ್ರಿಯ ಮನೆಯಲ್ಲಿ ಊಳಿಗಕ್ಕಿದ್ದನು. ಆ ಮನೆಯೊಡತಿ ಔಷಧಗಳನ್ನು ತಯಾರಿಸುತ್ತಿದ್ದಳು; ಅದಕ್ಕೆ ಇವನು ನೆರವು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದಲೋ ಏನೋ, ಈ ಸಂಗತಿಯನ್ನು ಎರಡು ಸಲ ಓದಿದೆನು. 1646ರಲ್ಲಿ ವೈದ್ಯಪದವಿ ಬಂದರೂ ಮೊದಮೊದಲು ರೋಗಿಗಳಿಲ್ಲ. ಅವರನ್ನು ಹುಡುಕಿಕೊಂಡು ಆಬಿಂಗ್ಡನ್ನಿನ ಸಂತೆಗೆ ಹೋಗುತ್ತಿದ್ದನು. 1660ರಲ್ಲಿ ಆಕ್ಸ್‌ಫರ್ಡಿನಲ್ಲೇ ಪ್ರಾಧ್ಯಾಪಕನಾದನು. 1664ರಲ್ಲಿ ಮಿದುಳಿನ ಮೇಲಿನ ಮಹಾಗ್ರಂಥ ಹೊರಬಂತು.

ಕಡ್ಡಿಯ ವೃತ್ತಾಂತ 1674ರ ಅವನ ಔಷಧಗ್ರಂಥದಲ್ಲಿದೆ. ಆಕ್ಸ್‌ಫರ್ಡಿನ ಒಬ್ಬ ಗಟ್ಟಿಮುಟ್ಟಾದ ಮನುಷ್ಯ. ಹಸಿವೆಗೆ ಕೊರತೆಯಿಲ್ಲ; ಆದರೆ ಉಂಡದ್ದೆಲ್ಲ ಗಂಟಲವರೆಗೆ ತುಂಬಿ ಹಾಗೆಯೇ ಹಿಂದಕ್ಕೆ ಬರುತ್ತಿತ್ತು. ಯಾವ ಮದ್ದೂ ನಾಟಲಿಲ್ಲ. ಜಠರದ ಬಾಯಿ ಗಂಟಿನಿಂದಲೋ ಲಕ್ವದಿಂದಲೋ ಮುಚ್ಚಿಯೇ ಇದೆ, ಬಲದಿಂದ ತೆರೆದಲ್ಲದೆ ಏನೂ ಒಳಹೋಗದು ಎಂದು ವಿಲ್ಲಿಸ್ ತರ್ಕಿಸಿದನು. ತಿಮಿಂಗಿಲದ ಬಾಯಲ್ಲಿ ಬಾಚಣಿಗೆಯ ಹಲ್ಲಿನಂತೆ ಬೆಳೆಯುವ, ಬಿದಿರ ಸೀಳಿನಂತೆ ಬಾಗುವ ವಸ್ತುವೊಂದುಂಟು. ಅದರ ಕಡ್ಡಿಯ ತುದಿಗೆ ಸ್ಪಂಜಿನ ಗುಂಡಿ ಕಟ್ಟಿಸಿ, ಉಂಡ ಮೇಲೆ ಅದನ್ನು ನುಂಗಿ ಅನ್ನವನ್ನು ಕೆಳಕ್ಕೆ ದೂಡಲು ಕಲಿಸಿದನು. ಓದುವಾಗ ನನಗೇ ಓಕರಿಕೆ ಬಂತು. ಆದರೆ ಆ ಮನುಷ್ಯ ಹದಿನೈದು ವರ್ಷಗಳಿಗೆ ಕಡಮೆಯಿಲ್ಲದಂತೆ ಹೀಗೆಯೇ ಉಂಡು ಬದುಕಿದನು!

ತುತ್ತು ತನ್ನ ಭಾರದಿಂದಲೇ ಕೆಳಗೆ ಬೀಳುತ್ತದೆಂದು ನಾವು ತಿಳಿಯುತ್ತೇವೆ. ಹಾಗಲ್ಲ, ಅನ್ನನಾಳದ ಸ್ನಾಯುಗಳು ಅಲೆಯಂತೆ ಕುಗ್ಗಿ ಅದನ್ನು ನೂಕುತ್ತವೆ. ಬುಡದಲ್ಲಿ ಸ್ನಾಯುವಿನ ಬಿಗಿ ಬಳೆಯಿದೆ. ನುಂಗಿದಾಗ ಸಡಿಲುತ್ತದೆ. ಅನ್ನನಾಳದ ಗೋಡೆಯಲ್ಲಿನ ನರಕೋಶಗಳು ನಾಶವಾದರೆ ಅಲೆಯೂ ನಿಲ್ಲುತ್ತದೆ, ಬಳೆಯೂ ಸಡಿಲುವುದಿಲ್ಲ. ಈ ರೋಗವನ್ನು ಈಗ ಅಚಲೇಸಿಯ ಎನ್ನುತ್ತಾರೆ. ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಬರುವಂಥದು.

ನಮ್ಮ ಹಳ್ಳಿಯ ಕಡೆ ಯಾರಿಗಾದರೂ ತುತ್ತು ಇಳಿಯದಿದ್ದರೆ ಯಾರೋ ಮದ್ದು ಹಾಕಿದ್ದಾರೆಂದು ಹೇಳಿ, ಮದ್ದು ತೆಗೆಯುವವರ ಬಳಿಗೆ ಕರೆದೊಯ್ಯುವುದುಂಟು. ನನ್ನ ಅಜ್ಜಿಯನ್ನೂ ಕರೆದೊಯ್ದಿದ್ದರು. ಮುದ್ದೆಯ ಒಂದೊಂದು ತುತ್ತಿಗೂ ಅವಳಿಗೆ ಒಂದು ಲೋಟ ನೀರು ಬೇಕಾಗುತ್ತಿತ್ತು. ಪಂಕ್ತಿಯಲ್ಲಿ ಕುಳಿತುಣ್ಣಲು ನಾಚಿ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ಅವಳದು ಇದೇ ರೋಗವೆಂದು ಹೇಳಲಾರೆ. ಅನ್ನ ಎಲ್ಲಿ ನಿಲ್ಲುತ್ತದೆಂದು ಅವಳನ್ನು ಯಾರೂ ಕೇಳಲೇ ಇಲ್ಲ. ಮದ್ದು ಯಾರು ಹಾಕಿದರೆಂದು ಮಾತ್ರ ಕೇಳಿದರು. ವಿಲ್ಲಿಸ್ ಕೇಳಿದ್ದು ಮೊದಲನೆಯ ಪ್ರಶ್ನೆಯನ್ನು. ಅವನು ನನಗೆ ದೊಡ್ಡವನಾಗಿ ಕಾಣುವುದು ಅದಕ್ಕೇ.

1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಆ ಬಳೆಯ ಸ್ನಾಯುವನ್ನು ಕೊಯ್ದು ಸಡಿಲಿಸಿದನು. ಈಗ ಬಲೂನಿನಿಂದ ಹಿಗ್ಗಿಸುವುದುಂಟು. ಬಾಯಿಂದಲೇ ನಳಿಕೆಯಿಳಿಸಿ ಒಳಗಿನಿಂದ ಕೊಯ್ಯುವುದೂ ಉಂಟು. ಸತ್ತ ನರಕೋಶಗಳು ಇವುಗಳಲ್ಲಿ ಯಾವುದರಿಂದಲೂ ಮರಳುವುದಿಲ್ಲ. ಬಾಗಿಲು ತೆರೆಯುವುದಷ್ಟೇ ಇಂದಿಗೂ ಚಿಕಿತ್ಸೆ.

1675ರ ನವೆಂಬರ್ 11ರಂದು ವಿಲ್ಲಿಸ್ ಲಂಡನ್ನಿನಲ್ಲಿ ತೀರಿಕೊಂಡನು. ಅವನ ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ. ಅದರ ಹಿಂದಿನ ವರ್ಷ ಅವನ ಗ್ರಂಥ ಅಚ್ಚಾಗುವ ಹೊತ್ತಿಗೆ ಆಕ್ಸ್‌ಫರ್ಡಿನ ಆ ರೋಗಿ ಕಡ್ಡಿಯ ನೆರವಿನಿಂದ ಇನ್ನೂ ಉಣ್ಣುತ್ತಲೇ ಇದ್ದನು.