ಔಷಧಿಯ ಪುಡಿಗೆ ರೆಕ್ಕೆ ಕಟ್ಟಿದ ವೈದ್ಯ

ಮಕ್ಕಳೇ, ರಾಗಿ ಒಕ್ಕಣೆಯ ಕಾಲದಲ್ಲಿ ನಮ್ಮ ದಂಡಿಗನಹಳ್ಳಿ ಕಡೆ ರಸ್ತೆಯೇ ಕಣವಾಗುವುದನ್ನು ನೀವು ನೋಡಿದ್ದೀರಿ. ಹರಡಿದ ತೆನೆಗಳ ಮೇಲೆ ವಾಹನಗಳು ಹಾಯುತ್ತವೆ, ದೂಳು ಏಳುತ್ತದೆ. ಹೆಚ್ಚಿನವರು ಒಂದೆರಡು ಸಲ ಸೀನಿ ಮುಂದೆ ಹೋಗುತ್ತಾರೆ. ಆದರೆ ಕೆಲವರಿಗೆ ಎದೆ ಬಿಗಿಯುತ್ತದೆ, ಉಸಿರು ಬಿಡುವಾಗ ಸುಂಯ್ ಸುಂಯ್ ಎಂಬ ಸದ್ದು ಬರುತ್ತದೆ. ಮನೆಯ ಹಿರಿಯರು ಇದನ್ನು ಗೂರಲು, ಉಬ್ಬಸ ಎನ್ನುತ್ತಾರೆ. ವೈದ್ಯರು ಆಸ್ತಮಾ ಎನ್ನುತ್ತಾರೆ. ಇಂಥವರ ಚೀಲದಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಕೊಳವೆ ಇರಬಹುದು. ಅದಕ್ಕೆ ಪುಡಿ ತುಂಬಿದ ಕ್ಯಾಪ್ಸೂಲ್ ಹಾಕಿ, ತಿರುಗಿಸಿ, ಬಾಯಿಗಿಟ್ಟು ಜೋರಾಗಿ ಉಸಿರೆಳೆದುಕೊಳ್ಳುತ್ತಾರೆ. ಔಷಧಿಯ ಪುಡಿಯನ್ನು ಹೀಗೆ ನೇರವಾಗಿ ಶ್ವಾಸಕೋಶಕ್ಕೆ ಕಳಿಸುವ ಕೆಲಸದಲ್ಲಿ ಮುಖ್ಯರಾದವರು ಡಾ. ರೋಜರ್ ಆಲ್ಟೂನಿಯನ್. ಸ್ವತಃ ಅವರಿಗೂ ಉಬ್ಬಸವಿತ್ತು.

ರೋಜರ್ 1922ರಲ್ಲಿ ಜನಿಸಿದರು. ಸಿರಿಯಾ ದೇಶದ ಅಲೆಪ್ಪೊ ನಗರ ಅವರ ಮನೆತನದ ಊರು. ತಾತ ಆರ್ಮೇನಿಯದ ಮೂಲದ ವೈದ್ಯರು, ಅಲ್ಲಿ ಒಂದು ಆಸ್ಪತ್ರೆ ಕಟ್ಟಿದ್ದರು. ತಂದೆಯೂ ವೈದ್ಯರು, ತಾಯಿ ಇಂಗ್ಲೆಂಡಿನವರು. 1928ರಲ್ಲಿ ಈ ಮಕ್ಕಳು ಇಂಗ್ಲೆಂಡಿನ ಸರೋವರವೊಂದರಲ್ಲಿ ಹಾಯಿದೋಣಿ ನಡೆಸಲು ಕಲಿತರು. ಕಲಿಸಿದವರು ಆರ್ಥರ್ ರಾನ್ಸಮ್ ಎಂಬ ಲೇಖಕರು. ಎರಡು ವರ್ಷದ ನಂತರ ಅವರು ಬರೆದ ಮಕ್ಕಳ ಕಾದಂಬರಿಯಲ್ಲಿ ರೋಜರ್ ಎಂಬ ಪುಟ್ಟ ಹುಡುಗನೊಬ್ಬನಿದ್ದಾನೆ. ಹೀಗಾಗಿ ನಮ್ಮ ರೋಜರ್ ಎಂಟು ವರ್ಷ ತುಂಬುವ ಹೊತ್ತಿಗೇ ಕಥೆಯೊಳಗೆ ಸೇರಿಬಿಟ್ಟಿದ್ದರು!

ಎರಡನೇ ಮಹಾಯುದ್ಧದಲ್ಲಿ ಅವರು ವಿಮಾನ ಹಾರಿಸಿದರು, ಇತರರಿಗೂ ಹಾರಿಸಲು ಕಲಿಸಿದರು. ಆಮೇಲೆ ವೈದ್ಯಶಾಸ್ತ್ರ ಓದಿ ಅಲೆಪ್ಪೊಗೆ ಮರಳಿದರು. 1956ರಲ್ಲಿ ರಾಜಕೀಯ ಗಲಭೆಯಿಂದ ಆ ದೇಶ ಬಿಡಬೇಕಾಯಿತು. ಇಂಗ್ಲೆಂಡಿನ ಔಷಧಿ ಕಂಪನಿಯೊಂದರ ಪ್ರಯೋಗಾಲಯ ಸೇರಿದರು.

ಅಲ್ಲಿ ಖೆಲ್ಲ ಎಂಬ ಗಿಡದ ರಾಸಾಯನಿಕವನ್ನು ಆಧಾರವಾಗಿಟ್ಟು ಹೊಸ ವಸ್ತುಗಳನ್ನು ತಯಾರಿಸುತ್ತಿದ್ದರು. ಖೆಲ್ಲ ನಮ್ಮ ಕೊತ್ತಂಬರಿ, ಸಬ್ಬಸಿಗೆಯ ಕುಟುಂಬದ್ದೇ ಗಿಡ. ಈಜಿಪ್ಟಿನ ಜನ ಅದನ್ನು ಹಿಂದಿನಿಂದಲೂ ಮದ್ದಾಗಿ ಬಳಸುತ್ತಿದ್ದರು. ಈ ಹೊಸ ವಸ್ತುಗಳು ಉಬ್ಬಸವನ್ನು ತಡೆಯುತ್ತವೆಯೇ? ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಸರಿಯಾದ ಉತ್ತರ ಸಿಗುತ್ತಿರಲಿಲ್ಲ. ಆಗ ರೋಜರ್ ತಮ್ಮ ಮೇಲೆಯೇ ಪರೀಕ್ಷೆ ಮಾಡಿಕೊಂಡರು.

ಗಿನಿಯಿಲಿಯ ಕೂದಲು, ಹೊಟ್ಟು ಅವರಿಗೆ ಆಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಅದರಿಂದ ದೂರ ಓಡುತ್ತಿದ್ದರು. ಇವರು ಅದರ ಸಾರವನ್ನೇ ಬೇಕೆಂದು ಉಸಿರಿಗೆ ಎಳೆದುಕೊಂಡು ಉಬ್ಬಸ ಬರಿಸಿಕೊಳ್ಳುತ್ತಿದ್ದರು. ಮೊದಲೇ ಹೊಸ ವಸ್ತುವನ್ನು ಸೇದಿಕೊಂಡಿದ್ದರೆ ಉಬ್ಬಸ ಕಡಿಮೆಯಾಗುತ್ತದೆಯೇ ಎಂದು ಉಸಿರನ್ನು ಅಳೆದು ಬರೆದಿಡುತ್ತಿದ್ದರು. ಹೀಗೆ ವರ್ಷಗಟ್ಟಲೆ, ನೂರಾರು ಸಲ! ಇದನ್ನು ಧೈರ್ಯ ಎನ್ನಬೇಕೋ ಹುಚ್ಚು ಎನ್ನಬೇಕೋ ನನಗಂತೂ ಇನ್ನೂ ತೀರ್ಮಾನವಾಗಿಲ್ಲ. ಇಂದು ಹೀಗೆ ಮಾಡುವಂತಿಲ್ಲ. ಮನುಷ್ಯರ ಮೇಲಿನ ಯಾವುದೇ ಔಷಧಿ ಪರೀಕ್ಷೆಗೆ ಸಮಿತಿಯ ಒಪ್ಪಿಗೆ ಬೇಕು.

1965ರಲ್ಲಿ ಒಂದು ವಸ್ತು ಗೆದ್ದಿತು. ಅದರ ಹೆಸರು ಸೋಡಿಯಂ ಕ್ರೋಮೋಗ್ಲೈಕೇಟ್. ಬಂದ ಉಬ್ಬಸವನ್ನು ಅದು ಇಳಿಸುವುದಿಲ್ಲ, ಆದರೆ ಬಾರದಂತೆ ತಡೆಯುತ್ತದೆ. ಇನ್ನೊಂದು ತೊಡಕೂ ಇತ್ತು. ನುಂಗಿದರೆ ಅದು ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹಾಗಾದರೆ ಮಾತ್ರೆ ಮಾಡಿ ಪ್ರಯೋಜನವಿಲ್ಲ, ಪುಡಿಯನ್ನೇ ಶ್ವಾಸಕೋಶಕ್ಕೆ ಕಳಿಸಬೇಕು.

ಇದೇನು ಸುಲಭವೇ? ಪುಡಿಯ ಕಣ ಸುಮಾರು 1ರಿಂದ 5 ಮೈಕ್ರಾನ್ ಗಾತ್ರದ್ದಾಗಿರಬೇಕು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಮೈಕ್ರಾನ್. ಕಣ ದಪ್ಪವಾದರೆ ಗಂಟಲಿಗೇ ಅಂಟುತ್ತದೆ, ತೀರಾ ಸಣ್ಣದಾದರೆ ಉಸಿರಿನ ಜೊತೆ ಹೊರಗೆ ಬರಬಹುದು. ಸಣ್ಣ ಕಣಗಳಿಗೆ ಇನ್ನೊಂದು ಕೆಟ್ಟ ಗುಣವಿದೆ. ರಂಗೋಲಿ ಪುಡಿಯನ್ನು ಬೆರಳುಗಳಿಂದ ಬಿಟ್ಟು ನೋಡಿ, ಸರಾಗವಾಗಿ ಜಾರುತ್ತದೆ. ಮೈದಾ ಹಿಟ್ಟನ್ನು ಹಾಗೆ ಬಿಡಲು ಬರುವುದಿಲ್ಲ, ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಅದಕ್ಕೇ ಔಷಧಿಯ ಸಣ್ಣ ಕಣಗಳನ್ನು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನ ದಪ್ಪ ಕಣಗಳೊಂದಿಗೆ ಬೆರೆಸಿದರು.

ಆ ಪುಡಿಯನ್ನು ಒದರುವವರು ಯಾರು? ಇಲ್ಲಿ ಹಳೆಯ ಪೈಲಟ್‌ನ ತಲೆ ಓಡಿತು. ರೋಜರ್ ಮತ್ತು ಎಂಜಿನಿಯರ್ ಹೊವೆಲ್ ಸೇರಿ ಒಂದು ಕೊಳವೆಯೊಳಗೆ ವಿಮಾನದ ಪ್ರೊಪೆಲ್ಲರ್‌ನಂಥ ಪುಟ್ಟ ರೆಕ್ಕೆಯನ್ನು ಇಟ್ಟರು. ತೂತು ಮಾಡಿದ ಕ್ಯಾಪ್ಸೂಲನ್ನು ಅದಕ್ಕೆ ಸಿಕ್ಕಿಸಿದರು. ರೋಗಿ ಉಸಿರೆಳೆದಾಗ ರೆಕ್ಕೆ ಗಿರ್ರನೆ ತಿರುಗಿ ಅದುರುತ್ತದೆ, ಪುಡಿ ಹಾರಿ ಗಾಳಿಯಲ್ಲಿ ಸೇರುತ್ತದೆ. ಬ್ಯಾಟರಿ ಬೇಡ, ಉಸಿರೇ ಅದರ ಎಂಜಿನ್! ಅದಕ್ಕೆ ಸ್ಪಿನ್‌ಹೇಲರ್ ಎಂದು ಹೆಸರಿಟ್ಟರು. 1960ರ ದಶಕ ಮುಗಿಯುವ ಮೊದಲೇ ಔಷಧಿ ರೋಗಿಗಳ ಕೈ ಸೇರಿತು.

ರೋಜರ್ 1987ರಲ್ಲಿ ತೀರಿಕೊಂಡರು. ಇಂದು ಉಬ್ಬಸಕ್ಕೆ ವೈದ್ಯರು ಹೆಚ್ಚಾಗಿ ಬೇರೆ ಔಷಧಿಗಳನ್ನು ಕೊಡುತ್ತಾರೆ. ನಿಮ್ಮ ಗೆಳತಿಯ ಚೀಲದಲ್ಲಿರುವ ಕೊಳವೆಯಲ್ಲಿ ರೆಕ್ಕೆಯೂ ಇರಲಾರದು. ಆದರೆ ಪುಡಿಯನ್ನು ಹಾರಿಸುವುದು ಈಗಲೂ ಉಸಿರೇ. ಅದನ್ನು ಸೇದಿದರೆ ಚಟವಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅವಳು ಬಚ್ಚಿಟ್ಟುಕೊಂಡಿರಬಹುದು. ಚಟವಾಗುವುದಿಲ್ಲ. ಲೆಕ್ಕ ನೋಡಿ: ಸಾಲ್ಬ್ಯುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧಿ ಇರುತ್ತದೆ. ಸೇದುವ ಕ್ಯಾಪ್ಸೂಲಿನಲ್ಲಿ 200 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ಹತ್ತನೇ ಅಥವಾ ಇಪ್ಪತ್ತನೇ ಒಂದು ಭಾಗ ಮಾತ್ರ. ಬೇಕಾದ ಕಡೆಗೇ ನೇರವಾಗಿ ಹೋಗುವುದರಿಂದ ಅಷ್ಟೇ ಸಾಕಾಗುತ್ತದೆ. ಸೇದಿದ ಮೇಲೆ ಅವಳು ಹತ್ತು ಎಣಿಸುವವರೆಗೆ ಉಸಿರು ಹಿಡಿಯುತ್ತಾಳೆ, ಕಣಗಳು ಒಳಗೆ ಕೂರಲಿ ಎಂದು. ಬಳಿಕ ಕೊಳವೆ ಬಿಚ್ಚಿ ನೋಡುತ್ತಾಳೆ. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆದುಕೊಳ್ಳುತ್ತಾಳೆ.