ಅಡಿಗೆಮನೆಯ ಬಾಗಿಲಲ್ಲಿ ಕಲಿತ ಪಂಡಿತ

ಹೋಟೆಲಿನ ಅಡಿಗೆಮನೆಗೂ ಗಿರಾಕಿಗಳು ಕೂಡುವ ಹಜಾರಕ್ಕೂ ನಡುವಣ ಬಾಗಿಲನ್ನು ದಿನಕ್ಕೆ ನೂರು ಸಲ ದಾಟುವ ನಮ್ಮ ಓದುಗರಿಗೆ ಅದರಲ್ಲಿ ವಿಶೇಷವೇನೂ ತೋರಲಾರದು. ಆದರೆ ಅಂಥದೊಂದು ಬಾಗಿಲನ್ನು ನಿಟ್ಟಿಸಿ ನೋಡಿ ಸಮಾಜಶಾಸ್ತ್ರಕ್ಕೆ ಹೊಸ ದಾರಿಯನ್ನು ತೋರಿದ ಪಂಡಿತರೊಬ್ಬರಿದ್ದರು. ಅವರೇ ಅರ್ವಿಂಗ್ ಗಾಫ್‌ಮನ್.

ಗಾಫ್‌ಮನ್ನರು 1922ರ ಜೂನ್ 11ರಂದು ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಜನಿಸಿದರು. ತಂದೆತಾಯಿಗಳು ಯುಕ್ರೇನಿನಿಂದ ವಲಸೆ ಬಂದ ಯೆಹೂದ್ಯರು. ತಂದೆಯದು ಸಣ್ಣ ಊರಿನಲ್ಲಿ ಅಂಗಡಿಯ ವ್ಯಾಪಾರ. ಮಗನು ರಸಾಯನಶಾಸ್ತ್ರವನ್ನು ಹಿಡಿದು, ಬಿಟ್ಟು, ಕಡೆಗೆ ಟೊರಾಂಟೋ ಮತ್ತು ಶಿಕಾಗೋಗಳಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸಮಾಡಿದನು.

1949ರ ಡಿಸೆಂಬರಿನಲ್ಲಿ ಅವರು ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಿಗೆ ಸಂಶೋಧನೆಗಾಗಿ ತೆರಳಿದರು. ಬೇಸಾಯದ ಅರ್ಥವ್ಯವಸ್ಥೆಯನ್ನು ತಿಳಿಯಲು ಬಂದವನೆಂದು ಜನರಿಗೆ ತೋರಿಸಿಕೊಂಡರು. ಜನರ ವೇಷಗಳನ್ನು ಅರಿಯಹೊರಟವರು ತಾವೇ ವೇಷ ಧರಿಸಿದುದು ನಮಗೆ ಅಷ್ಟಾಗಿ ಮೆಚ್ಚುಗೆಯಾಗದು. ಆದರೆ ಅವರು ಮೈಗಳ್ಳರಾಗಿರಲಿಲ್ಲ: ಅಲ್ಲಿಯ ಹೋಟೆಲಿನ ಅಡಿಗೆಮನೆಯಲ್ಲಿ ಪಾತ್ರೆಗಳನ್ನೂ ತೊಳೆದರು.

ಅಲ್ಲಿ ಆ ಬಾಗಿಲಿನ ವಿಷಯವಾಗಿ ನಿತ್ಯವೂ ಜಗಳ. ತಟ್ಟೆ ಹೊತ್ತು ಓಡಾಡುವ ಕೆಲಸದ ಹೆಂಗಸರಿಗೆ ಅದು ತೆರೆದಿರಬೇಕು, ಯಜಮಾನರಿಗೆ ಮುಚ್ಚಿರಬೇಕು. ಗಿರಾಕಿಗಳು ಮುಟ್ಟಿ ಬಿಟ್ಟ ಬೆಣ್ಣೆಯು ಒಳಗೆ ಮತ್ತೆ ಉರುಟಾಗಿ ಹೊಸದರಂತೆ ಹೊರಗೆ ಹೋಗುತ್ತಿದ್ದುದನ್ನು ಕಂಡರೆ ಯಾರು ತಾನೇ ಉಣ್ಣುವರು? ಕರಾವಳಿಯ ನಮ್ಮ ಬಂಧುಗಳು ಇದನ್ನು ಬೇಗನೆ ಗ್ರಹಿಸುವರು. ಯಕ್ಷಗಾನಕ್ಕೆ ರಂಗಸ್ಥಳವಿರುವಂತೆ ಚೌಕಿಯೂ ಇದೆ. ಚೌಕಿಯಿಲ್ಲದೆ ರಾಜನಿಲ್ಲ, ರಕ್ಕಸನಿಲ್ಲ. ಬದುಕಿನಲ್ಲಿಯೂ ಹೀಗೆಯೇ ಎಂಬುದನ್ನು ಗಾಫ್‌ಮನ್ನರು 1956ರಲ್ಲಿ ಎಡಿನ್‌ಬರೋದಲ್ಲಿ ಅಚ್ಚಾದ ಗ್ರಂಥದಲ್ಲಿ ವಿವರಿಸಿದರು. ಇದನ್ನು ಬರಿಯ ಕಪಟವೆಂದು ಅವರು ಬಗೆಯಲಿಲ್ಲ. ಎದುರಿನವನ ಮಾತು ತಪ್ಪಿದಾಗ ಕೇಳದವರಂತೆ ಇದ್ದು ನಾವೂ ಅವನ ಮಾನವನ್ನು ಕಾಯುತ್ತೇವೆಂಬುದನ್ನು ಅವರು ಗಮನಿಸಿದರು.

ಹಾಗಾದರೆ ಚೌಕಿಯೇ ಇಲ್ಲದವನ ಪಾಡೇನು? 1955ರಲ್ಲಿ ಅವರು ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಎಂಬ ಹಿರಿಯ ಮಾನಸಿಕ ಆಸ್ಪತ್ರೆಯನ್ನು ಹೊಕ್ಕು, ಆಟೋಟಗಳ ಅಧಿಕಾರಿಯ ಸಹಾಯಕರೆಂಬ ನೆಪದಲ್ಲಿ ಸುಮಾರು ಒಂದು ವರ್ಷ ರೋಗಿಗಳ ನಡುವೆ ಸುಳಿದಾಡಿದರು. ಅಲ್ಲಿ ಸ್ವಂತದ ಮೂಲೆಯೆಂಬುದು ದುರ್ಲಭ. ರೋಗಿಯು ಸಿಟ್ಟಾದರೆ ಅದೂ ರೋಗದ ಲಕ್ಷಣವೆಂದೇ ಲೆಕ್ಕ. ಇದನ್ನೆಲ್ಲ ಬರೆದ ಅವರ ಗ್ರಂಥವು 1961ರಲ್ಲಿ ಹೊರಬಂದು, ಅಂಥ ಆಲಯಗಳನ್ನು ಪ್ರಶ್ನಿಸುವವರಿಗೆ ಬಲವಾದ ಆಧಾರವಾಯಿತು.

1964ರಲ್ಲಿ ಅವರ ಪತ್ನಿ ಆತ್ಮಹತ್ಯೆ ಮಾಡಿಕೊಂಡರು. ಐದು ವರ್ಷಗಳ ತರುವಾಯ, ಮನೆಯೊಳಗೆ ಒಬ್ಬರ ಮನಸ್ಸು ಕದಡಿದಾಗ ಉಳಿದವರು ಪಡುವ ಸಂಕಟವನ್ನು ಕುರಿತು ಅವರು ಲೇಖನವೊಂದನ್ನು ಬರೆದರು. ಆಸ್ಪತ್ರೆಯ ಗ್ರಂಥದಲ್ಲಿ ರೋಗಿಯ ಪಕ್ಷವನ್ನು ಹಿಡಿದಿದ್ದವರು ಇಲ್ಲಿ ಮನೆಯವರ ಕಷ್ಟವನ್ನೂ ಕಂಡಿದ್ದಾರೆ. ತಮ್ಮ ಹೆಸರನ್ನಾಗಲಿ ಮಡದಿಯ ಹೆಸರನ್ನಾಗಲಿ ಅದರಲ್ಲಿ ಎತ್ತಲಿಲ್ಲ.

1982ರಲ್ಲಿ ಅಮೆರಿಕದ ಸಮಾಜಶಾಸ್ತ್ರ ಸಂಘದ ಅಧ್ಯಕ್ಷ ಪದವಿ ಅವರದಾಗಿತ್ತು. ಭಾಷಣವು ಸಿದ್ಧವಾಗಿತ್ತು, ಆದರೆ ಹೊಟ್ಟೆಯ ಅರ್ಬುದರೋಗದಿಂದ ಸಭೆಗೆ ಹೋಗಲಾಗಲಿಲ್ಲ. ಆ ವರ್ಷದ ನವೆಂಬರಿನಲ್ಲಿ, ತಮ್ಮ 60ನೆಯ ವಯಸ್ಸಿನಲ್ಲಿ, ಅವರು ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಭಾಷಣವು ಮರುವರ್ಷ ಅಚ್ಚಾಯಿತು.